ಎಲೆಯಡಿಕೆ ಹಾಕಿಕೊಂಡ ಮೇಜು

ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದವರಿಗೆ ಮಾತ್ರ ಅದು ಕಾಣುತ್ತದೆ. ನಮ್ಮ ನಡುಮನೆಯ ಮೇಜಿನ ಹಿಂಗಾಲೊಂದರ ಒಳಮಗ್ಗುಲಿಗೆ ಅಂಗೈಯಗಲದ ಒಂದು ಗುಲಾಬಿ ಕಲೆ ಇದೆ. ಉಳಿದ ಮೇಜೆಲ್ಲ ಕೆಂಗಂದು, ಅದೊಂದು ಕಡೆ ಮಾತ್ರ ಬೊಂಬಾಯಿ ಮಿಠಾಯಿಯ ಬಣ್ಣ. ನೋಡಿದವರು ಏನಿದು ಎಂದು ಕೇಳದೆ ಬಿಡುವುದಿಲ್ಲ. ಮೊದಮೊದಲು ಏನೇನೋ ಹೇಳಿ ಜಾರಿಕೊಳ್ಳುತ್ತಿದ್ದೆ. ನಿಮ್ಮ ಹತ್ತಿರ ನಿಜವನ್ನೇ ಹೇಳಿಬಿಡುತ್ತೇನೆ: ಒಂದು ವಾದದಲ್ಲಿ ನಾನು ಸೋತದ್ದರ ಗುರುತು ಅದು. ಗೆದ್ದವಳು ನಮ್ಮವ್ವ. ಅವಳು ವಾದ ಮಾಡಿರಲೇ ಇಲ್ಲ ಎಂಬುದು ಇದರಲ್ಲಿರುವ ತಮಾಷೆ.

ಸೋಲು ನನಗೆ ಅಷ್ಟಾಗಿ ರೂಢಿಯಿಲ್ಲ. ನಾನು ಚರ್ಚಾಸ್ಪರ್ಧೆಯ ಹುಡುಗಿ. ಎಂಟನೆಯ ತರಗತಿಯಿಂದ ಎಂ.ಎ. ಮುಗಿಯುವವರೆಗೆ ಈ ಸುತ್ತಿನ ತಾಲೂಕುಗಳಲ್ಲಿ ನಾನು ಹತ್ತದ ವೇದಿಕೆ ಕಡಿಮೆ. ಹೊನ್ನಾಳಿಯಲ್ಲಿ ಮೊಬೈಲು ವರ ಎಂದು ವಾದಿಸಿ, ಮುಂದಿನ ವಾರವೇ ಜಗಳೂರಿನಲ್ಲಿ ಅದೇ ಮೊಬೈಲು ಶಾಪ ಎಂದು ಗುಡುಗಿ, ಎರಡೂ ಕಡೆ ಒಂದೊಂದು ಸ್ಟೀಲಿನ ಡಬ್ಬಿ ಗೆದ್ದುಕೊಂಡು ಬಂದವಳು. ಅವ್ವ ಒಂದರಲ್ಲಿ ಉಪ್ಪು, ಇನ್ನೊಂದರಲ್ಲಿ ಖಾರದ ಪುಡಿ ತುಂಬಿಟ್ಟಿದ್ದಾಳೆ. ನಮಗೆ ಚರ್ಚೆ ಕಲಿಸಿದ ಮೇಷ್ಟರ ಸೂತ್ರ ಬಹಳ ಸರಳ. ಎದುರಾಳಿ ಏನು ಹೇಳಿದರೂ ಮೊದಲು ಕಾರಣ ಕೇಳು. ಕಾರಣ ಕೊಟ್ಟರೆ ಪುರಾವೆ ಕೇಳು. ಪುರಾವೆಯನ್ನು ಕೊಡಲು ಹೊರಡುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಈ ಸೂತ್ರವನ್ನು ನಾನು ಬಸ್ಸಿನ ಕಂಡಕ್ಟರುಗಳ ಮೇಲೆ, ಜ್ಯೋತಿಷ್ಯ ಹೇಳುವವರ ಮೇಲೆ, ಒಮ್ಮೆ ಹಲ್ಲಿನ ಡಾಕ್ಟರ ಮೇಲೂ ಪ್ರಯೋಗಿಸಿದ್ದೇನೆ. ಡಾಕ್ಟರು ನನ್ನ ಬಾಯಿಗೆ ಹತ್ತಿ ತುಂಬಿ ಚರ್ಚೆ ಮುಗಿಸಿದರು.

ಈಗ ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮನೆ ಚನ್ನಗಿರಿಯಲ್ಲಿ. ಆ ಮನೆಯಲ್ಲಿ ಹೋದ ವರ್ಷದವರೆಗೆ ಮೇಜು ಎಂಬ ವಸ್ತುವೇ ಇರಲಿಲ್ಲ. ಅಯ್ಯೋ ಪಾಪ ಎನ್ನಬೇಡಿ. ಜಾಗ ಇರಲಿಲ್ಲ, ಅಭ್ಯಾಸವೂ ಇರಲಿಲ್ಲ, ಅಷ್ಟೇ. ನಾನು ಓದಿ ಬರೆದದ್ದೆಲ್ಲ ಅಪ್ಪನ ತಗಡಿನ ಟ್ರಂಕಿನ ಮೇಲೆ. ಅದರ ಮುಚ್ಚಳದಲ್ಲಿ ನವಿಲಿನ ಉಬ್ಬುಚಿತ್ರ ಇತ್ತು. ನವಿಲಿನ ಬಾಲದ ಮೇಲೆ ಬಂದಾಗಲೆಲ್ಲ ನನ್ನ ಅಕ್ಷರ ಕುಪ್ಪಳಿಸುತ್ತಿತ್ತು. ಇದೇನು ಬಸ್ಸಿನಲ್ಲಿ ಕೂತು ಬರೆದೆಯಾ ಎಂದು ಕನ್ನಡ ಟೀಚರು ಕೇಳುತ್ತಿದ್ದರು. ಇಲ್ಲ ಮಿಸ್, ನವಿಲಿನ ಮೇಲೆ ಎಂದರೆ ಇಡೀ ಕ್ಲಾಸು ನಗುತ್ತಿತ್ತು.

ಮೇಜು ಬೇಕು ಎಂದು ಕೇಳಿದವಳು ಅವ್ವ. ಅವಳು ತನಗೆಂದು ಏನನ್ನೂ ಕೇಳಿದ ನೆನಪು ನನಗಿಲ್ಲವಾದ್ದರಿಂದ ಆ ದಿನ ಚೆನ್ನಾಗಿ ನೆನಪಿದೆ. ಅವ್ವ ಸೀಸನ್ನು ಬಂತೆಂದರೆ ನಲ್ಲೂರಿನ ಕಡೆ ಅಡಿಕೆ ಸುಲಿಯಲು ಹೋಗುವವಳು. ನಾನು ಹುಟ್ಟುವ ಮೊದಲಿನಿಂದಲೂ ಅದೇ ಕೆಲಸ. ನಮ್ಮ ಬೀದಿಯ ಹೆಂಗಸರದ್ದೊಂದು ಸಂಘವಿದೆ, ಬಹುಪಾಲು ಅಡಿಕೆ ಸುಲಿಯುವವರೇ. ಅದರ ಅಧ್ಯಕ್ಷೆಯಾಗಿದ್ದ ಟೀಚರಮ್ಮನಿಗೆ ವರ್ಗವಾದಾಗ ಎಲ್ಲರೂ ಸೇರಿ ಅವ್ವನ ಹೆಸರು ಹೇಳಿದರು. ಹೊಸ ಅಧ್ಯಕ್ಷೆಯ ಮೊದಲ ಸಭೆ ನಮ್ಮ ಮನೆಯಲ್ಲೇ, ಬರುವ ಭಾನುವಾರ. ತಾಲೂಕಿನಿಂದ ಸಂಘ ನೋಡಿಕೊಳ್ಳುವ ಮೇಡಂ ಕೂಡ ಬರುತ್ತಾರೆ. ಅವ್ವ ನಿಂತು ಮಾತಾಡಬೇಕು.

“ನಿಂತ್ಕಂಡು ಮಾತಾಡು ಅಂದ್ರೆ ನಂಗೆ ಕೈ ನಡುಗ್ತಾವೆ ಕಣೆ. ಮುಂದೊಂದು ಮೇಜು ಇದ್ರೆ ಅದರ ಮ್ಯಾಲೆ ಊರ್ಕಂತೀನಿ. ಆಗ್ಲೂ ಬಾಯಿ ಬರದೆ ಹೋತು ಅಂದ್ರೆ, ಅವತ್ತೇ ಎಲ್ಲರ ಮುಂದೆ ಬ್ಯಾರೆಯೋರಿಗೆ ಬಿಟ್ಟುಕೊಡ್ತೀನಿ” ಎಂದಳು.

ಬಿಟ್ಟುಕೊಡುತ್ತಾಳೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಸಂಶಯಪಡುವುದೇ ನನ್ನ ಕಸುಬಾದರೂ ಅವ್ವನ ಮಾತಿನ ಮೇಲೆ ಅದು ನಡೆಯುವುದಿಲ್ಲ. ಆ ರಾತ್ರಿಯೇ ಭಾಷಣ ಬರೆದುಕೊಡುವ ಜವಾಬ್ದಾರಿಯನ್ನು ನಾನು ಹೊತ್ತುಕೊಂಡೆ, ಮೇಜು ತರುವುದನ್ನೂ. ಅಪ್ಪ ಯಾವುದನ್ನೂ ಹೊತ್ತುಕೊಳ್ಳಲಿಲ್ಲ. ಅವರು ಕಚೇರಿಯೊಂದರಲ್ಲಿ ಅಟೆಂಡರ್. ಬಾಗಿಲ ಹೊರಗೆ ಕೂತು ಕೂತು, ಒಳಗೆ ಯಾರು ಯಾರೊಡನೆ ಜಗಳವಾಡಿದರೂ ತಟಸ್ಥರಾಗಿರುವ ಕಲೆಯನ್ನು ಮನೆಗೂ ತಂದಿದ್ದಾರೆ.

ನ್ಯಾಮತಿಯಲ್ಲಿ ಹಳೇ ಮನೆ ಕೆಡವಿದಾಗ ಬರುವ ಸಾಮಾನು ಮಾರುವ ಒಂದು ಶೆಡ್ ಇದೆ. ನನಗೆ ಅಂಥ ಜಾಗಗಳೆಂದರೆ ಇಷ್ಟ. ಬಾಗಿಲುಗಳು ಗೋಡೆಯಿಲ್ಲದೆ ನಿಂತಿರುತ್ತವೆ, ತೊಟ್ಟಿಲೊಳಗೆ ಸ್ಕ್ರೂ ಮಲಗಿರುತ್ತವೆ, ಮೂರು ಕಾಲಿನ ಕುರ್ಚಿ ನಾಲ್ಕನೆಯದಕ್ಕೆ ಕಾದಿರುತ್ತದೆ. ಶೆಡ್ಡಿನ ಮಾಲೀಕ ದಸ್ತಗೀರ್ ಸಾಬರು ನನಗೊಂದು ಮೇಜು ತೋರಿಸಿದರು. ಗಟ್ಟಿಮುಟ್ಟು. ಬೀಟೆ ಅಲ್ಲ, ಆದರೆ ಒಳ್ಳೆಯ ಹೊನ್ನೆ ಮರ. ಮೈಯೆಲ್ಲ ಕಪ್ಪಿಗೆ ತಿರುಗಿದ ಕಂದು. ಅಡಿಕೆ ಬೆಳೆಗಾರರ ಮನೆಯದಂತೆ. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ಕಷಾಯವೇ ಚೊಗರು. ಹುಳ ಹಿಡಿಯದಿರಲಿ ಎಂದು ಆ ಮನೆಯವರು ವರ್ಷಾ ವರ್ಷ ಅದನ್ನೇ ಮೇಜಿಗೆ ಬಳಿಯುತ್ತಿದ್ದರಂತೆ.

“ಮೇಡಮ್ಮೋರೆ, ಇದು ಚೊಗರು ಕುಡಿದಿರೋ ಮರ. ಇದಕ್ಕೆ ಬಣ್ಣದ ಉಸಾಬರಿ ಬ್ಯಾಡ. ಎಣ್ಣೆ ತಿಕ್ರಿ, ಸಾಕು” ಎಂದರು ಸಾಬರು.

ನಾನು ಕಾರಣ ಕೇಳಿದೆ. ಕಾರಣ ಗೊತ್ತಿಲ್ಲ, ಅಪ್ಪನ ಕಾಲದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಬಣ್ಣ ನಿಲ್ಲುವುದಿಲ್ಲ ಎಂದರು. ಅನುಭವವು ಪುರಾವೆಯಲ್ಲ ಎಂದು ನಾನು ಅವರಿಗೆ ವಿವರಿಸಿ ಹೇಳಿದೆ. ಅವರು ಬಹಳ ಗೌರವದಿಂದ ಕೇಳಿಸಿಕೊಂಡು, ಮೇಜನ್ನು ಗೂಡ್ಸ್ ಆಟೋಕ್ಕೆ ಏರಿಸಿ, ಹಗ್ಗ ಬಿಗಿದರು.

ನಾನಾಗಲೇ ಮೊಬೈಲಿನಲ್ಲಿ ಚಾಕ್ ಪೇಂಟಿನ ವಿಡಿಯೋಗಳನ್ನು ನೋಡಿ ಮುಗಿಸಿದ್ದೆ. ನೀವು ನೋಡಿಲ್ಲವಾದರೆ ಹೇಳುತ್ತೇನೆ. ಬಣ್ಣಕ್ಕೆ ಸೀಮೆಸುಣ್ಣದ ಪುಡಿ ಬೆರೆಸಿರುತ್ತಾರೆ. ಹೊಳಪಿಲ್ಲ, ಮಿನುಗಿಲ್ಲ, ಮುಟ್ಟಿದರೆ ಸ್ಲೇಟಿನ ಹಾಗೆ ಮೃದು. ಉಜ್ಜುಕಾಗದ ಹಾಕುವುದು ಬೇಡ, ಹಳೇ ಪಾಲಿಶ್ ಕೆರೆಯುವುದು ಬೇಡ, ಸುಮ್ಮನೆ ಬಳಿಯಿರಿ ಎನ್ನುತ್ತಾರೆ. ಯಾವುದೋ ದೇಶದ ಹೆಂಗಸು, ಒಂದು ಕೈಯಲ್ಲಿ ಕಾಫಿ ಹಿಡಿದು, ಇನ್ನೊಂದು ಕೈಯಲ್ಲಿ ಅಜ್ಜನ ಕಾಲದ ಬೀರುವನ್ನು ಬೆಳ್ಳಗೆ ಮಾಡಿ ಮುಗಿಸುತ್ತಾಳೆ. ಮೊದಲು ನಾನು ನಂಬಲಿಲ್ಲ. ಕೆರೆಯದೆ ಬಣ್ಣ ಹೇಗೆ ಹಿಡಿಯುತ್ತದೆ? ತಪ್ಪು ಹುಡುಕಲೆಂದೇ ಮೂವತ್ತು ವಿಡಿಯೋ ನೋಡಿದೆ. ಮೂವತ್ತೊಂದನೆಯದರ ಹೊತ್ತಿಗೆ ನಂಬಿಬಿಟ್ಟಿದ್ದೆ. ನನ್ನಂಥವರಿಗೆ ಒಮ್ಮೆ ನಂಬಿಕೆ ಹುಟ್ಟಿತೆಂದರೆ ಹರಕೆ ಹೊತ್ತವರೂ ನಮ್ಮ ಮುಂದೆ ಸಪ್ಪೆ.

ಮೇಜು ಬಂತು. ಅವ್ವ ಸುತ್ತ ತಿರುಗಿ ನೋಡಿದಳು, ಮೂಸಿ ನೋಡಿದಳು, ಮುಖ ಅರಳಿತು. ಬಿಳಿ ಮಾಡುತ್ತೇನೆ ಎಂದೆ. ಅರಳಿದ ಮುಖ ಮುಚ್ಚಿಕೊಂಡಿತು.

“ಬಿಳಿ ಬ್ಯಾಡ ಮಗಾ.”

“ಯಾಕೆ? ಕಾರಣ ಹೇಳು.”

ಅವ್ವ ಸುಮ್ಮನಿದ್ದಳು. ಎದುರಾಳಿಯ ಮೌನ ಎಂದರೆ ನಮಗೆ ಖಾಲಿ ಮೈದಾನ ಸಿಕ್ಕಂತೆ. ಮೂರು ಅಂಶ ಮುಂದಿಟ್ಟೆ. ನಮ್ಮ ನಡುಮನೆಗೆ ಒಂದೇ ಕಿಟಕಿ, ಬಿಳಿಯಾದರೆ ಬೆಳಕು ಹೆಚ್ಚುತ್ತದೆ. ಗೋಡೆಯ ಮೇಲಿನ ಬುದ್ಧನ ಫೋಟೊಕ್ಕೂ ಬಿಳಿ ಒಪ್ಪುತ್ತದೆ. ಮೂರನೆಯದಾಗಿ, ತಾಲೂಕಿನ ಮೇಡಂ ಎದುರು ಸಂಘಕ್ಕೊಂದು ಕಳೆ ಬರುತ್ತದೆ. ಅಪ್ಪ ಪೇಪರಿನ ಹಿಂದಿನಿಂದ ಹೊರಗೆ ಬರಲಿಲ್ಲ. ಎಣ್ಣೆ ತಿಕ್ಕಿದರೆ ಸಾಕಿತ್ತಲ್ಲ ಎಂದು ಅವ್ವ ಒಮ್ಮೆ ಗೊಣಗಿ, ಆಮೇಲೆ “ಆತು ಬಿಡು, ನಿನ್ನಿಷ್ಟ” ಎಂದು ರೊಟ್ಟಿ ಬಡಿಯಲು ಹೋದಳು. ನಾನದನ್ನು ಗೆಲುವೆಂದು ಲೆಕ್ಕ ಹಾಕಿದೆ. ರೊಟ್ಟಿ ಬಡಿಯುವ ಸದ್ದು ಆ ದಿನ ಸ್ವಲ್ಪ ಜೋರಾಗಿತ್ತು ಎಂಬುದು ಈಗ ಹೊಳೆಯುತ್ತದೆ.

ಚಾಕ್ ಪೇಂಟಿನ ಡಬ್ಬಿ ತರಿಸಿದರೆ ಭಾನುವಾರದೊಳಗೆ ಬರುವ ಹಾಗಿರಲಿಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದು, ಸಾದಾ ಗೋಡೆಯ ಬಣ್ಣಕ್ಕೆ ಚಾಕಿನ ಪುಡಿ ಬೆರೆಸಿ ಎಂದು ಒಂದು ವಿಡಿಯೋ ಹೇಳಿತ್ತು. ನಮ್ಮ ಬಣ್ಣದಂಗಡಿಯಲ್ಲಿ ಆ ಪುಡಿ ಇರಲಿಲ್ಲ. ಗೋಡೆಗೆ ಬಳಿಯುವ ಸುಣ್ಣ ಇತ್ತು. ಎರಡೂ ಕ್ಯಾಲ್ಸಿಯಮ್ಮೇ ತಾನೇ ಎಂದು ಅಂಗಡಿಯವನನ್ನು ಕೇಳಿದೆ. ಅವನು ಇರಬಹುದು ಎಂದ. ಹಾಗೆ ಒಬ್ಬ ರಾಜ್ಯಶಾಸ್ತ್ರದ ಉಪನ್ಯಾಸಕಿ ಮತ್ತು ಒಬ್ಬ ಅಂಗಡಿಯವನು ಸೇರಿ ರಸಾಯನಶಾಸ್ತ್ರದ ಒಂದು ವಿಷಯವನ್ನು ಸರ್ವಾನುಮತದಿಂದ ಅಂಗೀಕರಿಸಿದರು.

ಬುಧವಾರ ರಜೆ ಹಾಕಿದೆ. ಅವ್ವ ಸುಲಿಯಲು ಹೋದ ಮೇಲೆ ಅಂಗಳದಲ್ಲಿ ಹಳೇ ಸೀರೆ ಹಾಸಿ, ಮೇಜು ಎಳೆದು ನಿಲ್ಲಿಸಿ, ಸುಣ್ಣ ಸೋಸಿ, ಗಟ್ಟಿಯಾಗಿ ಕಲಸಿ, ಬಣ್ಣವನ್ನು ಚಮಚದಷ್ಟೇ ಸೇರಿಸಿ ಬಳಿದೆ. ಎಂಥ ಬಿಳುಪು! ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿ ಊಟಕ್ಕೆ ಕೂತೆ. ಕೈ ತೊಳೆದು ಬರುವಷ್ಟರಲ್ಲಿ ಮೇಜು ಸಣ್ಣಗೆ ನಾಚಿಕೊಂಡಿತ್ತು. ಬಿಸಿಲಿನ ದೋಷ ಎಂದುಕೊಂಡೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮೂಲೆಮೂಲೆಯಿಂದ ಗುಲಾಬಿ. ಇನ್ನೊಂದು ಕೈ ಬಳಿದೆ. ಎರಡನೆಯ ಕೈ ಒಣಗುತ್ತಾ ಬಂದಂತೆ ಗುಲಾಬಿ ಹೋಗಿ ಇಟ್ಟಿಗೆ ಬಣ್ಣ ಬಂತು, ಅಲ್ಲಲ್ಲಿ ಧಾರೆಯಾಗಿ ಇಳಿಯಿತು. ಮೂರನೆಯ ಕೈಯನ್ನು ಹಟಕ್ಕೆ ಬಳಿದೆ. ಸಂಜೆ ಅವ್ವ ಬಂದಾಗ ಅಂಗಳದ ಮಧ್ಯೆ, ಯಾರನ್ನೋ ಹೊಡೆದು ಬಂದ ಹಾಗೆ, ಮೈಯೆಲ್ಲ ಕೆಂಪು ಮಾಡಿಕೊಂಡು ಮೇಜು ನಿಂತಿತ್ತು. ಪಕ್ಕದಲ್ಲಿ ಬ್ರಷ್ಷು ಹಿಡಿದು ನಾನು.

ಅವ್ವ ಬುತ್ತಿಚೀಲ ಕೆಳಗಿಟ್ಟು ಸುಣ್ಣದ ಬಕೀಟು ನೋಡಿದಳು, ಮೇಜು ನೋಡಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ನಗಲು ಶುರುಮಾಡಿದಳು. ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಚೊಗರಿಗೆ ಸುಣ್ಣ ಹಾಕಿದೀಯಲ್ಲೇ. ಮೇಜಿಗೆ ಎಲೆಯಡಿಕೆ ತಿನ್ಸಿದೀಯ. ಕೆಂಪಾಗದೆ ಇನ್ನೇನು ಹಸ್ರಾಗ್ತೈತಾ?”

ಇದನ್ನು ಓದುತ್ತಿರುವ ನೀವು ಮೊದಲೇ ಊಹಿಸಿದ್ದಿರೇನೋ. ಚನ್ನಗಿರಿಯ ಯಾವ ಮಗುವಾದರೂ ಊಹಿಸುತ್ತಿತ್ತು. ಅಡಿಕೆಗೆ ಸುಣ್ಣ ತಾಗಿದರೆ ಬಾಯಿ ಕೆಂಪಗಾಗುತ್ತದೆ ಎಂಬುದಕ್ಕೆ ನನಗೆ ಪುರಾವೆ ಬೇಕಿರಲಿಲ್ಲ. ನಾನು ಬೆಳೆದದ್ದೇ ಅದರ ನಡುವೆ. ಸ್ಕೂಲು ಬಿಟ್ಟು ಅಡಿಕೆ ಸುಲಿಯುವ ಚಪ್ಪರಕ್ಕೆ ಹೋಗಿ ಅವ್ವನ ಪಕ್ಕದಲ್ಲಿ ಕೂರುತ್ತಿದ್ದೆ. ಸಾಲಾಗಿ ಹೆಂಗಸರು, ಪ್ರತಿಯೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ, ಕಟಕ್ ಕಟಕ್ ಸದ್ದು, ಹಸಿ ಸಿಪ್ಪೆಯ ಘಾಟು. ಅವರ ಸಂಚಿಯಲ್ಲಿ ಸದಾ ಎಲೆ, ಸುಣ್ಣದ ಡಬ್ಬಿ. ಅವ್ವ ನೋಡದಾಗ ನನಗೂ ಒಂದು ಚೂರು ಸಿಗುತ್ತಿತ್ತು. ನಾಲಿಗೆ ಚಾಚಿ ಯಾರದು ಹೆಚ್ಚು ಕೆಂಪು ಎಂದು ಪಂದ್ಯ ಕಟ್ಟುತ್ತಿದ್ದೆವು. ನಾಲಿಗೆಯ ಪಂದ್ಯಗಳಲ್ಲಿ ನನ್ನ ಮೊದಲ ಗೆಲುವು ಅಲ್ಲಿಯೇ ಆದದ್ದು. ಇಷ್ಟೆಲ್ಲ ಆಗಿಯೂ, ಮೂವತ್ತೊಂದು ವಿಡಿಯೋಗಳ ಮುಂದೆ ನನ್ನದೇ ನಾಲಿಗೆಯ ಬಣ್ಣ ನನಗೆ ನೆನಪಾಗಲಿಲ್ಲ.

ಆದರೂ ಸುಲಭಕ್ಕೆ ಬಿಡುವ ಜಾತಿಯಲ್ಲ ನಾನು. ಕಲೆ ಮೇಲೇಳದಂತೆ ತಡೆಯುವ ಒಂದು ಪಾಲಿಶ್ ಸಿಗುತ್ತದೆ, ದಾವಣಗೆರೆಯಿಂದ ತರುತ್ತೇನೆ, ಅದರ ಮೇಲೆ ಮತ್ತೆ ಬಿಳಿ ಬಳಿದರೆ ನಿಲ್ಲುತ್ತದೆ ಎಂದೆ. ಅವ್ವನ ನಗು ನಿಂತಿತು. ನಾಳೆ ಇದನ್ನು ತೊಳೆದುಬಿಡೋಣ ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಮಾರನೆಯ ದಿನ ಅವಳೂ ಕೆಲಸ ಬಿಟ್ಟಳು. ಹಿತ್ತಾಳೆ ಪಾತ್ರೆ ಬೆಳಗುವವರಿಗೆ ಗೊತ್ತಿರುವ ಉಪಾಯವನ್ನೇ ಮೇಜಿಗೂ ಮಾಡಿದಳು. ಹುಣಸೆಹಣ್ಣು ನೆನೆಹಾಕಿ ಕಿವುಚಿ, ಆ ಹುಳಿಯನ್ನು ಸುರಿದು, ತೆಂಗಿನ ನಾರಿನಿಂದ ತಿಕ್ಕಲು ಕೂತಳು. ಸುಣ್ಣ ಹುಳಿಯ ಮುಂದೆ ನಿಲ್ಲಲಿಲ್ಲ. ನಾನು ಬಣ್ಣವನ್ನು ಜಿಪುಣತನದಿಂದ ಬೆರೆಸಿದ್ದೂ ಒಳ್ಳೆಯದೇ ಆಯಿತು. ನೊರೆನೊರೆಯಾಗಿ ಕೆಂಪು ನೀರು ಇಳಿಯಿತು. ನಾನು ಕಾಲುಗಳನ್ನು ತಿಕ್ಕುತ್ತಿದ್ದೆ. ಬಳಿಯುವಾಗ ಮೊದಲ ಕೈ ಮಾತ್ರ ತಾಗಿ ಗುಲಾಬಿಯಾಗಿಯೇ ಉಳಿದಿದ್ದ ಹಿಂಗಾಲಿನ ಒಳಮಗ್ಗುಲು ನನ್ನ ಪಾಲಿಗೆ ಬಂದದ್ದು, ನಾನು ತಿಕ್ಕದೆ ಬಿಟ್ಟದ್ದು. ಆ ಹೊತ್ತಿಗೆ ನನ್ನ ಗಮನ ಬೇರೆ ಕಡೆ ಹೋಗಿತ್ತು.

ಮೇಲಿನ ಹಲಗೆ ಪೂರ್ತಿ ತೊಳೆದ ಮೇಲೆ, ಒದ್ದೆ ಮರದ ಮೇಲೆ ಎರಡೂ ಕೈ ಊರಿ ಅವ್ವ ಸೊಂಟ ನೆಟ್ಟಗೆ ಮಾಡಿಕೊಂಡಳು. ಮೇಜು ಮೊದಲಿನ ಕಪ್ಪು ಕಳೆದುಕೊಂಡು ದಟ್ಟ ಕೆಂಗಂದಾಗಿತ್ತು. ಹಸಿ ಅಡಿಕೆ ಸುಲಿಯುವವರ ಕೈ ನೀವು ನೋಡಿರಬಹುದು. ಸೀಸನ್ನಿನಲ್ಲಿ ಬೆರಳ ಸಂದು, ಉಗುರಿನ ಸುತ್ತ, ಅಂಗೈ ಗೆರೆಗಳೆಲ್ಲ ಕರಿಗೆಂಪಾಗಿರುತ್ತವೆ. ಯಾವ ಸೋಪಿಗೂ ಹೋಗುವುದಿಲ್ಲ. ಸೀಸನ್ನು ಮುಗಿದು ಚರ್ಮ ಹೊಸದಾಗಿ ಬಂದ ಮೇಲೆಯೇ ಹೋಗಬೇಕು. ಆ ಕೈಗಳು ಆ ಮರದ ಮೇಲೆ ಕಾಣಿಸುತ್ತಲೇ ಇರಲಿಲ್ಲ. ಮರ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎಂದು ಹುಡುಕಬೇಕಿತ್ತು.

ಅವ್ವ ಬಿಳಿ ಯಾಕೆ ಬೇಡವೆಂದಳು ಎಂಬುದು ನನಗೆ ಆಗ ತಿಳಿಯಿತು. ತಿಳಿದೂ ಕೇಳಿದೆ. ಆ ಚಟ ಹೋಗುವುದಿಲ್ಲ. ಆವತ್ತೇ ಕಾರಣ ಹೇಳಬಹುದಿತ್ತಲ್ಲ ಎಂದೆ.

“ಹೇಳಿದ್ರೆ ನೀನು ಬಿಡ್ತಿದ್ಯಾ? ದುಡಿದ ಕೈಗೆ ನಾಚ್ಕೆ ಯಾಕೆ ಅಂತ ಭಾಷಣ ಮಾಡ್ತಿದ್ದೆ. ನಂಗೆ ನಾಚ್ಕೆ ಏನಿಲ್ಲ ಕಣೆ. ಬಿಳಿ ಮೇಜಿನ ಮ್ಯಾಲೆ ಈ ಕೈ ಇಟ್ರೆ ಆ ಮೇಡಂ ಕಣ್ಣು ಕೈ ಮ್ಯಾಲೆ ಇರ್ತೈತೆ. ನಾನು ಆಡೋ ಮಾತನ್ನ ಕೇಳೋರು ಯಾರು?”

ದುಡಿದ ಕೈಗೆ ನಾಚಿಕೆ ಏಕೆ ಎಂಬ ವಿಷಯದ ಮೇಲೆ ನಾನು ನಿಜಕ್ಕೂ ಒಮ್ಮೆ ಮಾತಾಡಿದ್ದೇನೆ. ಮೊದಲ ಬಹುಮಾನ ಬಂದಿತ್ತು. ಖಾರದ ಪುಡಿಯ ಪಕ್ಕದ ಡಬ್ಬಿ ಅದು, ಅರಿಸಿನ ಇದೆ ಅದರಲ್ಲಿ. ಆ ಭಾಷಣ ತಯಾರಿಸುವಾಗ ಅವ್ವನ ಕೈಯನ್ನು ಎರಡು ಕಡೆ ಉದಾಹರಣೆಯಾಗಿ ಬಳಸಿಕೊಂಡಿದ್ದೆ. ಅವಳನ್ನು ಕೇಳಿರಲಿಲ್ಲ.

ನಾನು ನಾರು ತೆಗೆದುಕೊಂಡು ಹಲಗೆಯ ಅಂಚು ತಿಕ್ಕಿದೆ. ಮೇಜು ನೆರಳಲ್ಲಿ ಒಣಗಿತು. ಅವ್ವನ ತವರು ಜಗಳೂರಿನ ಕಡೆಯ ಬಿಳಿಚೋಡು. ಅಲ್ಲಿಂದ ನಮ್ಮ ಮಾವ ವರ್ಷಕ್ಕೊಮ್ಮೆ ಬಾಟ್ಲಿಯಲ್ಲಿ ಅಗಸೆ ಎಣ್ಣೆ ಕಳಿಸುತ್ತಾನೆ. ಶುಕ್ರವಾರ ಬೆಳಿಗ್ಗೆ ಅದನ್ನೇ ಹಳೇ ಬಟ್ಟೆಗೆ ಹಾಕಿ ತೆಳ್ಳಗೆ ತಿಕ್ಕಿದೆವು. ಎರಡು ದಿನ ಗಾಳಿಗೆ ಬಿಟ್ಟರೆ ಅಂಟು ಬಿಡುತ್ತದೆ. ದಸ್ತಗೀರ್ ಸಾಬರು ಹೇಳಿದ ಹಾಗೆ, ಅವ್ವ ಹೇಳಿದ ಹಾಗೆ, ನಾನು ಹೇಳದ ಹಾಗೆ. ಆ ಎಣ್ಣೆಗೆ ಸ್ವಲ್ಪ ಮೀನಿನ ವಾಸನೆ. ಸಂಜೆ ಒಳಗೆ ಬಂದ ಅಪ್ಪ ಮೂಗರಳಿಸಿ, ಸೂಳೆಕೆರೆ ಮೀನು ತಂದಿದ್ದೀರೇನು ಎಂದು ಆಸೆಯಿಂದ ಕೇಳಿದರು. ಮೇಜಿನ ಬಗ್ಗೆ ಇಡೀ ವಾರದಲ್ಲಿ ಅವರು ವ್ಯಕ್ತಪಡಿಸಿದ ಏಕೈಕ ಅಭಿಪ್ರಾಯ ಅದು.

ನಾನು ಕೃತಜ್ಞತೆಯ ಮಾತು ಬರೆಯಬಲ್ಲವಳಲ್ಲ. ವಂದನಾರ್ಪಣೆಗೆ ಯಾರಾದರೂ ನಿಂತರೆ ಚಪ್ಪಲಿ ಹುಡುಕುವವಳು ನಾನು. ಆದರೂ ಆ ವಾರ ಮನಸ್ಸಿನಲ್ಲಿ ಒಂದು ಉದ್ದ ಪಟ್ಟಿ ಇತ್ತು. ಚೊಗರು ಬಳಿದ ಆ ಹೆಸರು ಗೊತ್ತಿಲ್ಲದ ಮನೆಯವರು. ನನ್ನ ಪಾಠವನ್ನು ಗೌರವದಿಂದ ಕೇಳಿಸಿಕೊಂಡ ಸಾಬರು. ಚಾಕಿನ ಪುಡಿ ಇಟ್ಟಿರದ ಅಂಗಡಿ. ಅದು ಇದ್ದಿದ್ದರೆ ಕಲೆ ಇಷ್ಟು ಬೇಗ, ಇಷ್ಟು ಕೆಂಪಗೆ ಏಳುತ್ತಿರಲಿಲ್ಲವೇನೋ. ಭಾನುವಾರದ ಹೊತ್ತಿಗೆ ಬೆಳ್ಳನೆಯ ಮೇಜೇ ನಿಂತಿರುತ್ತಿತ್ತೇನೋ. ಆಗ ಅವ್ವ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಎದ್ದು ನಿಲ್ಲುತ್ತಿದ್ದಳು, ನಡುಗುತ್ತಿದ್ದಳು, ಅಧ್ಯಕ್ಷಗಿರಿ ಬಿಟ್ಟುಕೊಡುತ್ತಿದ್ದಳು. ನಾನು ಮಾತ್ರ ನನ್ನ ಮೇಜು ಎಷ್ಟು ಚೆಂದ ಎಂದುಕೊಳ್ಳುತ್ತಿದ್ದೆ.

ಭಾನುವಾರ ಹತ್ತು ಗಂಟೆಗೆ ಹೆಂಗಸರೆಲ್ಲ ಬಂದರು. ಚಾಪೆ ತುಂಬಿತು. ತಾಲೂಕಿನ ಮೇಡಂ ನಮ್ಮ ಮನೆಯ ಒಂದೇ ಕುರ್ಚಿಯಲ್ಲಿ ಕೂತರು. ನಾನು ಬರೆದುಕೊಟ್ಟ ನಾಲ್ಕು ಪುಟ ಅವ್ವನ ಮುಂದೆ, ಮೇಜಿನ ಮೇಲೆ. ಅದಕ್ಕೆ ಒಳ್ಳೆಯ ಆರಂಭವಿತ್ತು, ಏರಿಳಿತವಿತ್ತು, ಕೊನೆಯಲ್ಲಿ ಚಪ್ಪಾಳೆಗೆ ಜಾಗ ಬಿಟ್ಟಿದ್ದೆ. ಅವ್ವ ಎದ್ದಳು. ಎರಡೂ ಕೈ ಮರದ ಮೇಲೆ ಊರಿದಳು. ಬಾಯಿ ತೆರೆದಳು, ಮಾತು ಬರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಟೀ ತಟ್ಟೆ ಹಿಡಿದಿದ್ದ ನಾನು ಮೊದಲ ಸಾಲನ್ನು ಪಿಸುಗುಟ್ಟಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪುಟಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ಸುಲಿಯಾ ಮಷೀನು ನಲ್ಲೂರಿಗೂ ಬಂದೈತೆ” ಎಂದಳು. “ಮುಂದಿನ ವರ್ಷ ನಮ್ಮಲ್ಲಿ ಅರ್ಧ ಜನಕ್ಕೆ ಕರೆ ಬರಲ್ಲ. ಮಷೀನಿಗೆ ಬೈಕಂತ ಕೂರಾದು ಬ್ಯಾಡ. ಸಂಘದಿಂದ ನಾವೇ ಒಂದು ತರಾಕೆ ಆಗ್ತೈತಾ, ನಡ್ಸಾಕೆ ಕಲಿಯಾಕೆ ಆಗ್ತೈತಾ, ಇವತ್ತು ಅದನ್ನ ಮಾತಾಡಾಣ.”

ಎಲ್ಲರೂ ಒಟ್ಟಿಗೆ ಮಾತಿಗೆ ಶುರುವಾದರು. ಕರೆಂಟು ಹೋದರೆ ಏನು ಮಾಡುವುದು ಎಂದು ಒಬ್ಬಳು, ಬೆಳೆಗಾರರು ನಮ್ಮ ಹತ್ತಿರ ತರುತ್ತಾರೆಯೇ ಎಂದು ಇನ್ನೊಬ್ಬಳು. ದೂರದಿಂದ ಕೇಳಿಸದೆ ಚಾಪೆಯಿಂದ ಎದ್ದು ಮೇಜಿನ ಹತ್ತಿರ ಬಂದರು. ಮೇಡಂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಒಬ್ಬಳು ಹಲಗೆಯ ಮೇಲೆ ಬೆರಳಿನಲ್ಲೇ ಮಷೀನು ನಿಲ್ಲಿಸುವ ಶೆಡ್ಡಿನ ನಕ್ಷೆ ಗೀಚಿದಳು, ಇನ್ನೊಬ್ಬಳು ಅದು ಅಲ್ಲಲ್ಲ, ಇಲ್ಲಿ ಎಂದು ತನ್ನ ಅಂಗೈ ಇಟ್ಟು ತೋರಿಸಿದಳು. ಅವ್ವನ ವಾದದಲ್ಲಿ ಎರಡು ಕಡೆ ಬಿರುಕು ನನಗೆ ಕಂಡಿದ್ದವು. ಅವೆರಡನ್ನೂ ಅಲ್ಲಿದ್ದ ಬೇರೆ ಬೇರೆ ಹೆಂಗಸರು ಹಿಡಿದು ಕೇಳಿದರು, ಅವ್ವ ಉತ್ತರ ಕೊಟ್ಟಳು. ಒಂದಕ್ಕೆ ಗೊತ್ತಿಲ್ಲ, ಕೇಳ್ಕಂಡು ಬರ್ತೀನಿ ಎಂದಳು. ವೇದಿಕೆಯ ಮೇಲೆ ಗೊತ್ತಿಲ್ಲ ಎನ್ನಬಹುದೆಂದು ನನಗೆ ಯಾರೂ ಕಲಿಸಿರಲಿಲ್ಲ.

ಟೀ ಆರುತ್ತದೆಂದು ತಟ್ಟೆ ಹಿಡಿದು ಹತ್ತಿರ ಹೋದೆ. ಇಡಲು ಜಾಗವಿರಲಿಲ್ಲ, ಮೇಜಿನ ತುಂಬ ಕೈಗಳು. ಹಾಗೆಯೇ ಹಿಡಿದುಕೊಂಡು ನಿಂತೆ. ಅವ್ವನ ಮಾತು ಇನ್ನೂ ಮುಗಿದಿರಲಿಲ್ಲ.